ಕರೆಯದ ಹೆಸರು

ಪಡಸಾಲೆಯಲ್ಲಿ ಅತ್ತೆ ಸಾಣೆಕಲ್ಲಿನ ಮೇಲೆ ಬಜೆಬೇರು ತೇಯುವ ಸದ್ದು ಶುರುವಾಯಿತೋ ಇಲ್ಲವೋ, ಹುಡುಗ ಆಡುತ್ತಿದ್ದ ಹುಣಸೆಬೀಜಗಳನ್ನು ಅಲ್ಲೇ ಬಿಟ್ಟು ಜೋಳದ ಚೀಲದ ಹಿಂದೆ ಹೋಗಿ ಕುಳಿತ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಶಿವಗಂಗವ್ವ ಅದನ್ನು ನೋಡಿದಳು. ಅವಳ ಕೈ ಹಿಟ್ಟಿನ ಮೇಲೆ ಬೇಕಾದ್ದಕ್ಕಿಂತ ಜೋರಾಗಿ ಬಿತ್ತು, ರೊಟ್ಟಿಯ ಅಂಚು ಹರಿಯಿತು. ಕಿವುಡನಂತೆ, ಕಿವುಡ! ಅಡಿಗೆಮನೆಯಲ್ಲಿದ್ದವನಿಗೆ ಪಡಸಾಲೆಯ ಕಲ್ಲಿನ ಸದ್ದು ಕೇಳುತ್ತದೆ. ದೌಂಡದ ರೈಲುಗಾಡಿ ಸಿಳ್ಳು ಹಾಕಿದರೆ ಅಟ್ಟದ ಕಿಟಕಿಗೆ ಓಡುತ್ತಾನೆ. ಬೆಲ್ಲದ ಡಬ್ಬಿಯ ಮುಚ್ಚಳವನ್ನು ಎಷ್ಟು ಮೆಲ್ಲಗೆ ತೆಗೆದರೂ ಬಂದು ಸೆರಗು ಹಿಡಿಯುತ್ತಾನೆ. ಇದನ್ನೆಲ್ಲ ಅವಳು ಗಂಡನಿಗೆ ಹೇಳಿದ್ದಳು. ಮಲಕಪ್ಪ ಪುಣೆ ಸ್ಟೇಷನ್ನಿನ ಸರಕು ಇಳಿಸುವ ಮಾಲುಧಕ್ಕೆಯಲ್ಲಿ ಗುಮಾಸ್ತ. ಕನ್ನಡಿಯ ಮುಂದೆ ನಿಂತು ಮೀಸೆ ಕತ್ತರಿಸುತ್ತ, ಅವಳ ಕಡೆಗೆ ತಿರುಗದೆಯೇ, "ಅದು ಕೇಳೋದಲ್ಲ. ನೆಲ ನಡಗೋದು ಗೊತ್ತಾಗ್ತದ ಅಷ್ಟ. ಕಿವುಡರಿಗೆ ಹಂಗ ಇರ್ತದಂತ ನಮ್ಮ ಸಾಹೇಬ್ರು ಹೇಳ್ಯಾರ" ಅಂದಿದ್ದ. ಬೆಲ್ಲದ ಮುಚ್ಚಳಕ್ಕೆ ನೆಲ ನಡುಗುತ್ತದೆಯಂತೆ. ಸಾಹೇಬರು ಹೇಳಿದರೆ ಭೂಮಿ ಬೇಕಾದರೂ ನಡುಗೀತು. ಅವಳು ಹೋಗಿ ಅವನ ಸ್ನಾನಕ್ಕೆ ನೀರು ತೋಡಿದ್ದಳು.

"ಬರ್ರಿ ಯಜಮಾನ್ರ, ನಾಲಿಗಿ ಚಾಚ್ರಿ," ಅಂತ ಅತ್ತೆ ನಾಗವ್ವ ಮಾತು ಬರಿಸುವ ಬಜೆಯ ಗಂಧವನ್ನು ಬೆರಳಿಗೆ ಹಚ್ಚಿಕೊಂಡು ಒಳಗೆ ಬಂದಳು. ಮೊಮ್ಮಗನಿಗೆ ಅವಳು ಯಾವತ್ತೂ ಹೀಗೆ ಬಹುವಚನ ಹಚ್ಚಿಯೇ ಮಾತಾಡುವುದು. ತೀರಿಕೊಂಡ ತನ್ನ ಗಂಡನೇ ತಿರುಗಿ ಹುಟ್ಟಿಬಂದಿದ್ದಾನೆ ಎಂಬುದು ಅವಳ ನಂಬಿಕೆ. ಗಂಡನ ಹೆಸರನ್ನೇ ಕೂಸಿಗೂ ಇಡಿಸಿದ್ದಳು. ಹೊಟ್ಟೆಯಲ್ಲಿದ್ದ ಆರು ತಿಂಗಳಿಗೇ ಅದು ಗೊತ್ತಾಗಿತ್ತಂತೆ, ಕನಸಿನಲ್ಲಿ ಬಂದು ಹೇಳಿದರಂತೆ. ಹಾಗೆ ತಿರುಗಿ ಬಂದ ಯಜಮಾನರನ್ನು ಈಗ ಚೀಲದ ಹಿಂದಿನಿಂದ ರಟ್ಟೆ ಹಿಡಿದು ಎಳೆದು, ದವಡೆ ಅದುಮಿ, ಬಾಯಿ ತೆರೆಸಿ, ಕಹಿಯನ್ನು ನಾಲಿಗೆಯ ಬುಡದ ತನಕ ತಿಕ್ಕಿದಳು. ಹುಡುಗ ಅಳಲಿಲ್ಲ. ಕಣ್ಣಿನಿಂದ ನೀರು ಸುರಿಯಿತು, ಗಂಟಲಿನಿಂದ ಸದ್ದು ಬರಲಿಲ್ಲ. ನಾಲಿಗೆಯ ಮೇಲೆ ಎದ್ದಿದ್ದ ಬೊಬ್ಬೆಗಳಿಗೆ ನಿನ್ನೆ ಶಿವಗಂಗವ್ವ ತುಪ್ಪ ಸವರಿದ್ದಳು. ಇವತ್ತು ಆ ತುಪ್ಪದ ಮೇಲೆಯೇ ಬಜೆ. "ಇವತ್ತರೆ ಬಿಡ್ರಿ ಅತ್ತಿ, ಡಾಕ್ಟರು ಬಾಯಿ ನೋಡ್ತಾರ," ಅಂದಳು. "ನೋಡ್ಲಿ. ನಾವೇನು ಮಾಡದನ ಕೂತಿದ್ದಿವೇನು?" ಅಂತ ನಾಗವ್ವ ಬೆರಳನ್ನು ಸೊಸೆಯ ಸೆರಗಿಗೇ ಒರೆಸಿ ಹೊರಗೆ ಹೋದಳು.

ಹುಡುಗನ ಹೆಸರು ಶಿವರುದ್ರಪ್ಪ. ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ ಕಿವಿಯಲ್ಲಿ ಕುರ್ರ್ ಅಂದು ಆ ಹೆಸರನ್ನು ಕೂಗಿ, ಐದು ಹೆಂಗಸರು ಅವಳ ಬೆನ್ನಿಗೆ ಗುದ್ದಿ, ಗುಗ್ಗರಿ ಹಂಚಿ ಎದ್ದರು. ಅವತ್ತು ಕೂಗಿದ್ದೇ ಕೂಗಿದ್ದು. ಆಮೇಲೆ ಆ ಮನೆಯಲ್ಲಿ ಅದನ್ನು ಯಾರು ಕರೆಯಬೇಕು? ನಾಗವ್ವ ಕರೆಯುವಂತಿಲ್ಲ, ಗಂಡನ ಹೆಸರು. ಶಿವಗಂಗವ್ವ ಕರೆಯುವಂತಿಲ್ಲ, ಮಾವನ ಹೆಸರು. ಮಾವನ ಹೆಸರಿನಲ್ಲಿ ಬರುತ್ತದೆಂದು ಅವಳು ರುದ್ರಾಕ್ಷಿಯನ್ನೂ ರುದ್ರಾಕ್ಷಿ ಅನ್ನದೆ ಮಣಿ ಅನ್ನುತ್ತಿದ್ದಳು. ಮಲಕಪ್ಪ ಕರೆಯಬಹುದಿತ್ತು. ಆದರೆ ಅಪ್ಪನ ಹೆಸರು ಹಿಡಿದು ಬೈಯುವುದು ಹೇಗೆ, ಹೊಡೆಯುವುದು ಹೇಗೆ? ಬೈಯದೆ ಮಗನನ್ನು ಮಾತಾಡಿಸುವ ಪ್ರಸಂಗ ಅವನಿಗೆ ಹೆಚ್ಚು ಬರಲಿಲ್ಲ. ಅವನು 'ಏ' ಅನ್ನುತ್ತಿದ್ದ. ಹಲ್ಲು ಕಚ್ಚಿ, ಮೆಲ್ಲಗೆ, ಪಕ್ಕದ ಮನೆಗೆ ಕೇಳದ ಹಾಗೆ: ಏ. ಶಿವಗಂಗವ್ವ ಎದೆಹಾಲು ಬಿಡಿಸುವ ತನಕ ಕೂಸು ಅಂದಳು, ಆಮೇಲೆ ತಮ್ಮಾ ಅಂದಳು, ಬೀದಿಯ ಎಲ್ಲ ಹುಡುಗರಿಗೂ ಅಂದಂತೆ. ಆಮೇಲೆ ಅದನ್ನೂ ಕಡಿಮೆ ಮಾಡಿದಳು. ಯಾಕೆ ಕಡಿಮೆಯಾಯಿತು ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಅವತ್ತು ಮಲಕಪ್ಪ ಸ್ಟೇಷನ್ನಿನಿಂದ ಕೆಂಪು ಮೋರೆ ಮಾಡಿಕೊಂಡು ಬಂದಿದ್ದ. ಅಲ್ಲಿ ಯಾರೋ ಅವನ ಮರಾಠಿಯನ್ನು ಅಣಕಿಸಿ ಕಾನಡೀ ಅಪ್ಪಾ ಅಂದು ನಕ್ಕಿದ್ದರು. ಅಂಗಿ ಬಿಚ್ಚುವ ಮೊದಲೇ ಅಪ್ಪಣೆ ಹೊರಡಿಸಿದ: ಈ ಹುಡುಗನ ಮುಂದೆ ಕನ್ನಡ ಆಡಬ್ಯಾಡ, ಅವನ ನಾಲಿಗಿ ನನ್ನಂಗ ಆಗೂದು ಬ್ಯಾಡ. ಬೈಲಹೊಂಗಲದ ಹತ್ತಿರದ ಹಳ್ಳಿಯಿಂದ ಬಂದ ಹೆಣ್ಣಿಗೆ ಮರಾಠಿ ಎಲ್ಲಿಂದ ಬರಬೇಕು? ಪೇಟೆಯಲ್ಲಿ ಬದನೆಕಾಯಿಯನ್ನು ಬೆರಳು ತೋರಿಸಿ ಕೊಳ್ಳುತ್ತಿದ್ದವಳು ಅವಳು. ಅತ್ತೆ ಮಾತ್ರ ಮಗನ ಅಪ್ಪಣೆಯನ್ನು ಗಾಳಿಗೆ ತೂರಿ ತನ್ನ ಬಹುವಚನ ಮುಂದುವರಿಸಿದಳು. ಅಪ್ಪಣೆ ಪಾಲಿಸಿದವಳು ಹೆಂಡತಿ ಒಬ್ಬಳೇ. ಮಗನಿಗೆ ಉಣ್ಣಿಸುವಾಗ ಬಾಯಿ ಮುಚ್ಚಿಕೊಂಡು ಉಣ್ಣಿಸಿದಳು. ತಲೆ ಬಾಚುವಾಗ ಬಾಯಿ ಮುಚ್ಚಿಕೊಂಡು ಬಾಚಿದಳು. ಎಂಥ ಹೇಡಿ ನಾನು, ಎಂಥ ಕತ್ತೆ, ಎಂದು ಅವಳು ಸೀದ ರೊಟ್ಟಿಯನ್ನು ಬುಟ್ಟಿಗೆ ಎಸೆದಳು.

ಡಾಕ್ಟರ ಕಡೆಗೆ ಹೊರಟ ಟಾಂಗಾ ಭವಾನಿ ಪೇಟೆಯ ಓಣಿಗಳನ್ನು ದಾಟುವಾಗ ನಲ್ಲಿಯ ಸಾಲಿನಲ್ಲಿ ಭಾಮಾ ಕೊಡ ಇಟ್ಟುಕೊಂಡು ನಿಂತಿದ್ದಳು. ಇವರದೇ ವಾಡೆಯ, ಒಂದೇ ಅಂಗಳದ ಎದುರುಮನೆಯವಳು. ಮಗಳು ಸುಲಭಾಳನ್ನು ಸೊಂಟಕ್ಕೆ ಒತ್ತಿಕೊಂಡು, ಬೇಕೆಂದೇ ಕೇಳುವ ಹಾಗೆ, "ಮುಕ್ಯಾಚೀ ಆಈ ಚಾಲಲೀ" ಅಂದಳು. ಮೂಕನ ತಾಯಿ ಹೊರಟಳು. ಇಷ್ಟು ಮರಾಠಿ ಶಿವಗಂಗವ್ವನಿಗೂ ತಿಳಿಯುತ್ತಿತ್ತು. ಬೈಗುಳ ಯಾವ ಭಾಷೆಯಲ್ಲಿದ್ದರೂ ಬೇಗ ತಿಳಿಯುತ್ತದೆ. ಆ ಸುಲಭಾಳಿಗೆ ಇನ್ನೂ ನಾಲ್ಕು ತುಂಬಿಲ್ಲ, ಸಂಜೆ ದೀಪ ಹಚ್ಚಿದ ಕೂಡಲೇ ಅಂಗಳದ ನಡುವೆ ನಿಂತು ಪ್ರಾರ್ಥನೆಯನ್ನು ಗಡಗಡ ಅಂದುಬಿಡುತ್ತದೆ. ಭಾಮಾ ಇವರ ಬಾಗಿಲ ಕಡೆಗೇ ಮೋರೆ ಮಾಡಿ ಮಗಳಿಂದ ಅನ್ನಿಸುತ್ತಾಳೆ. ಒಂದು ಸಂಜೆ ಅದನ್ನು ಕೇಳಿ ಕೇಳಿ ಸಿಟ್ಟು ತಲೆಗೆ ಏರಿತ್ತು. ಹುಡುಗ ಆಡಿ ದಣಿದು ಬಂದು ನೀರಿನ ಕೊಡದ ಕಡೆ ಕೈ ತೋರಿಸಿದಾಗ ಶಿವಗಂಗವ್ವ ಗಂಡನ ಅಪ್ಪಣೆ ಮರೆತು ತಂಬಿಗೆ ತುಂಬಿ ಎತ್ತರಕ್ಕೆ ಹಿಡಿದಳು. ನೀರು ಅನ್ನು, ಕೊಡ್ತೀನಿ. ನೀರು ಅನ್ನು. ಅವನು ತಂಬಿಗೆ ನೋಡಿದ, ಅವಳ ಬಾಯಿ ನೋಡಿದ. ನೀ... ಅನ್ನೋ! ಅವಳ ದನಿ ಏರಿತು. ಆಗ ಅವನು ಕೈ ಇಳಿಸಿ, ಕೊಡದ ಹತ್ತಿರ ಹೋಗಿ, ಅದರ ಹೊರಮೈಯಲ್ಲಿ ಜಿನುಗಿದ್ದ ತೇವವನ್ನು ನಾಲಿಗೆಯಿಂದ ನೆಕ್ಕಿದ. ಟಾಂಗಾ ಕುಲುಕಿತು. ಅವಳು ಮಗನನ್ನು ಮೈಗೆ ಒತ್ತಿಕೊಂಡಳು. ಅವನು ಕುದುರೆಯ ಕಿವಿಗಳನ್ನೇ ನೋಡುತ್ತಿದ್ದ. "ಚಲ್ ರಾಜಾ, ಚಲ್ ಮಾಝ್ಯಾ ಸೋನ್ಯಾ," ಅಂತ ಟಾಂಗಾದವನು ಕುದುರೆಗೆ ಹೇಳುತ್ತಿದ್ದ, ನಡಿ ನನ್ನ ಬಂಗಾರಾ ಎಂದು. ಕುದುರೆಗೂ ಒಂದು ಹೆಸರಿದೆ, ಸುಡಲಿ.

ಮಲಕಪ್ಪ ಮುಂದೆ ಕುಳಿತು ಕರಿ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಿದ್ದ. ಸಾಹೇಬರ ಗುರುತಿನ ಡಾಕ್ಟರು. ಅವರು ಕಿವುಡು ಅಂತ ಒಂದು ಮಾತು ಅಂದರೆ ಸಾಕು, ಮುಂಬೈಯ ಮೂಕರ ಶಾಲೆಯವರು ಜೂನಿನಲ್ಲಿ ಸೇರಿಸಿಕೊಳ್ಳುತ್ತಾರೆ; ಅಲ್ಲೇ ಇರುವುದು, ಅಲ್ಲೇ ಉಣ್ಣುವುದು, ಬಡಿಗತನವನ್ನೂ ಕಲಿಸುತ್ತಾರೆ. ವರ್ಷಕ್ಕೊಮ್ಮೆ ಹೋಗಿ ನೋಡಿ ಬರಬಹುದು. ಇದನ್ನು ಅವನು ಮನೆಯಲ್ಲಿ ಹೇಳಿದ ರೀತಿಯನ್ನು ಶಿವಗಂಗವ್ವ ಮರೆಯುವಂತಿರಲಿಲ್ಲ. ಅವನ ಮೋರೆಯ ಮೇಲೆ ದುಃಖವಿತ್ತು, ಇಲ್ಲ ಅನ್ನಲಾರಳು. ಆದರೆ ದುಃಖದ ಕೆಳಗೆ ಇನ್ನೊಂದಿತ್ತು: ಮನೆಗೆ ಬಂದವರ ಮುಂದೆ ಇನ್ನು ಹುಡುಗನನ್ನು ಅಡಗಿಸಬೇಕಾಗಿಲ್ಲ ಎಂಬ ಹಗುರ. ಐದು ತುಂಬಿದ ಕೂಸನ್ನು ಮುಂಬೈಗೆ! ರಾತ್ರಿ ಅವಳ ಜಡೆಯ ತುದಿ ಹಿಡಿಯದೆ ನಿದ್ದೆ ಮಾಡದವನು. "ನಾ ಕಳಸೂದಿಲ್ರಿ," ಅಂದಿದ್ದಳು. "ನಿನ್ನ ಯಾರು ಕೇಳ್ಯಾರ?" ಅಂದಿದ್ದ. ಈಗ ಟಾಂಗಾದಲ್ಲಿ ಅವನು, "ಅಲ್ಲಿ ನೀ ಬಾಯಿ ಬಿಡಬ್ಯಾಡ. ದೊಡ್ಡ ಮನಶ್ಯಾ ಇದ್ದಾನ. ಕೇಳಿದ್ದಕ್ಕ ನಾ ಹೇಳ್ತೀನಿ," ಅಂದ.

ಸದಾಶಿವ ಪೇಟೆಯಲ್ಲಿ ಡಾಕ್ಟರ್ ಏಕನಾಥರಾಯರ ಕೋಣೆಗೆ ಎರಡು ಕಿಟಕಿ, ಗೋಡೆಯ ಮೇಲೆ ಜಾರ್ಜ್ ಚಕ್ರವರ್ತಿಯ ಪಟ, ಔಷಧದ ಜೊತೆಗೆ ಕಾಫಿಯ ವಾಸನೆ. ಡಾಕ್ಟರು ಬಡಕಲು ಮನುಷ್ಯ, ಮುಖ ಕೆಟ್ಟದ್ದೇನಲ್ಲ. ಹುಡುಗನನ್ನು ಕುರ್ಚಿಯ ಮೇಲೆ ಕೂರಿಸಿ, ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಬಾಯಿ ತೆರೆಸಿದರು. ನಾಲಿಗೆಯ ಬೊಬ್ಬೆ ಕಂಡು ಏನೋ ಕೇಳಿದರು, ಮಲಕಪ್ಪ ಏನೋ ಹೇಳಿದ. ಆಮೇಲೆ ಅವರು ಮೇಜಿನ ಮೇಲಿದ್ದ ಬಣ್ಣದ ಗಾಜಿನ ಗುಂಡನ್ನು ಹುಡುಗನ ಕೈಗೆ ಕೊಟ್ಟು, ಕಿಟಕಿಯ ಕಡೆ ಮುಖ ಮಾಡಿ ನಿಲ್ಲಿಸಿದರು. ಹುಡುಗ ಗಾಜನ್ನು ಬಿಸಿಲಿಗೆ ಹಿಡಿದ. ಒಳಗೆ ನೀಲಿ ಹೂವೊಂದಿತ್ತು, ಅವನು ಅದರಲ್ಲೇ ಮುಳುಗಿಹೋದ. ಡಾಕ್ಟರು ಹಿಂದೆ ಸರಿದು ಚಪ್ಪಾಳೆ ತಟ್ಟಿದರು. ಅವನು ತಿರುಗಲಿಲ್ಲ. ಹೇಗೆ ತಿರುಗುತ್ತಾನೆ? ಮನೆಗೆ ಬಂದ ಬೀಗರು, ನೆಂಟರು, ಹಾಲಿನವನು, ಎಲ್ಲರೂ ಎರಡು ವರ್ಷದಿಂದ ಅವನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ, ತಾಟು ಬಡಿದು, ಅವನು ತಿರುಗಿದಾಗ ಹಲ್ಲು ಕಿಸಿದು ನೋಡಿ, ಸಾಕುಬೇಕು ಮಾಡಿದ್ದರು. ಅವನು ತಿರುಗುವುದನ್ನು ಬಿಟ್ಟು ಎಷ್ಟೋ ತಿಂಗಳಾಗಿತ್ತು. ಆಮೇಲೆ ಡಾಕ್ಟರು, "ನಾವ ಕಾಯ ತ್ಯಾಚಂ?" ಅಂತ ಹೆಸರು ಕೇಳಿದರು. "ಶಿವರುದ್ರಪ್ಪಾ," ಅಂದ ಮಲಕಪ್ಪ, ಟೋಪಿಯನ್ನು ಎದೆಗೆ ಒತ್ತಿಕೊಂಡು.

"ಶಿವರುದ್ರಪ್ಪಾ," ಅಂತ ಡಾಕ್ಟರು ಕರೆದರು. ಹುಡುಗ ಗಾಜನ್ನು ತಿರುಗಿಸಿದ. "ಶಿವರುದ್ರಪ್ಪಾ!" ಇನ್ನೂ ಜೋರು. ಮೂರನೆಯ ಸಲ ಹೊರಗೆ ಕುಳಿತಿದ್ದ ರೋಗಿಗಳು ಕತ್ತೆತ್ತಿ ಒಳಗೆ ನೋಡುವ ಹಾಗೆ ಕೂಗಿದರು. ಗೋಡೆಯ ಪಕ್ಕ ನಿಂತಿದ್ದ ಶಿವಗಂಗವ್ವನ ತಲೆಯ ಮೇಲೆ ಸೆರಗು ತಾನಾಗಿಯೇ ಮುಂದಕ್ಕೆ ಬಂತು. ಮಾವನ ಹೆಸರು ಕಿವಿಗೆ ಬಿದ್ದಿತ್ತು. ಸತ್ತು ಏಳು ವರ್ಷವಾದ ಮಾವನಿಗೆ ಇಲ್ಲಿ ಸೆರಗು ಎಳೆದುಕೊಳ್ಳುತ್ತಿದ್ದೇನೆ, ಮತ್ತು ಆ ಹೆಸರಿನ ಹುಡುಗನಿಗೆ ಆ ಹೆಸರೇ ಗೊತ್ತಿಲ್ಲ! ಅವಳಿಗೆ ಎಲ್ಲ ಒಮ್ಮೆಲೇ ಕಂಡಿತು. ಡಾಕ್ಟರು ಕುರ್ಚಿಗೆ ಮರಳಿ ತಲೆ ಅಲ್ಲಾಡಿಸಿ, ಮಲಕಪ್ಪನಿಗೆ ಮೆಲುದನಿಯಲ್ಲಿ ಹೇಳತೊಡಗಿದ್ದರು. ಮುಂಬೈ ಎಂಬುದು ಅವಳಿಗೆ ಕೇಳಿಸಿತು. ಜೂನ್ ಎಂಬುದು ಕೇಳಿಸಿತು. ಗಂಡ ಹೌದು ಹೌದು ಎಂದು ಗೋಣು ಹಾಕುತ್ತಿದ್ದುದು ಕಂಡಿತು.

"ಅದು ತನ್ನ ಹೆಸರಂತ ಅವಗ ಯಾರು ಹೇಳ್ಯಾರ್ರಿ?" ಅಂದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಹುಟ್ಟಿದಾಗಿಂದ ಆ ಹೆಸರಿಲೆ ಯಾರರೆ ಕರದೀರೇನು? ನೀವು ಕರದೀರಾ? ನಿಮ್ಮವ್ವ ಕರದಾಳಾ? ನಾ ಕರದೀನಾ? ನಾಯಿನ್ನ ಬ್ಯಾರೆ ಹೆಸರಿಲೆ ಕರದ್ರ ಬರ್ತದೇನು? ಹೇಳ್ರಿ ಅವರಿಗೆ!"

ಡಾಕ್ಟರು ಪೆನ್ನು ಕೆಳಗಿಟ್ಟು ತಲೆ ಎತ್ತಿದರು. "ಕಾಯ ಮ್ಹಣತಾತ ಬಾಈ?" ಈ ತಾಯಿ ಏನು ಹೇಳುತ್ತಿದ್ದಾರೆ ಎಂದು ಅವರು ನಿಜವಾಗಿಯೇ ಕೇಳಿದ್ದರು. ಮಲಕಪ್ಪ ನಕ್ಕ. ಸಾಹೇಬರ ಮುಂದೆ ನಗುವ ನಗೆ ಅದು, ಹೆಗಲು ಕುಗ್ಗಿಸಿ. "ಕಾಹೀ ನಾಹೀ ಸಾಹೇಬ. ಆಈಚಂ ಮನ," ಅಂದ.

ಏನೂ ಇಲ್ಲ. ತಾಯಿಯ ಮನಸ್ಸು. ಆ ಎರಡು ಮಾತು ಅವಳಿಗೆ ತಿಳಿದವು, ಭಾಮಾಳ ಬೈಗುಳ ತಿಳಿದಷ್ಟೇ ಸ್ವಚ್ಛವಾಗಿ. ಏನೂ ಇಲ್ಲವೆ? ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಸಿ, ಇವತ್ತು ಬೀಗ ಒಡೆದು ಆಡಿದ ಒಂದು ಮಾತಿಗೆ ಏನೂ ಇಲ್ಲ ಅಂತ ಅರ್ಥ ಹೇಳಿದನಲ್ಲ ಈ ಮನುಷ್ಯ! ಅವಳು ಗೋಡೆ ಬಿಟ್ಟು ಮೇಜಿನ ಹತ್ತಿರ ಬಂದಳು. ಸೆರಗು ಜಾರಿತು, ಎಳೆದುಕೊಳ್ಳಲಿಲ್ಲ. ಬದನೆಕಾಯಿ ಕೊಳ್ಳುವಾಗ ಕಲಿತ ಮುರುಕು ಮರಾಠಿಯನ್ನೆಲ್ಲ ಒಟ್ಟುಮಾಡಿ, "ಐಕತೋ! ತೋ ಐಕತೋ!" ಅಂದಳು. ಅವನಿಗೆ ಕೇಳುತ್ತದೆ. ಡಾಕ್ಟರು ಕನಿಕರದಿಂದ ನೋಡಿದರು. ಎಲ್ಲ ತಾಯಂದಿರೂ ಹೀಗೆಯೇ ಅನ್ನುತ್ತಾರೆ ಎಂಬ ಕನಿಕರ. ಅವಳಿಗೆ ಅದನ್ನು ಕಂಡು ಮೈಯೆಲ್ಲ ಉರಿಯಿತು. ಗಂಡನ ಕಡೆ ತಿರುಗಿ, "ಸುಳ್ಳ ಯಾಕ ಹೇಳ್ತೀರಿ? ಮಗನ್ನ ದೂಡಾಕ ಇಷ್ಟು ಅವಸರ ಏನದ ನಿಮಗ? ನಿಮ್ಮ ಮಾನ ಹೋಗ್ತದಂತ ನನ್ನ ಕೂಸಿನ್ನ..."

"ಏ!" ಅಂದ ಮಲಕಪ್ಪ. ಜೋರಾಗಿ ಅಲ್ಲ. ಹಲ್ಲು ಕಚ್ಚಿ, ಮೆಲ್ಲಗೆ, ಅವಳೊಬ್ಬಳಿಗೇ ಕೇಳುವಷ್ಟು.

ಕಿಟಕಿಯ ಹತ್ತಿರ ಗಾಜಿನ ಗುಂಡು ನೆಲಕ್ಕೆ ಬಿತ್ತು. ಹುಡುಗ ಬೆನ್ನು ತಿರುಗಿಸಿಯೇ ಕುಕ್ಕರಿಸಿದ್ದ. ಎರಡೂ ತೋಳುಗಳು ತಲೆಯ ಮೇಲೆ ಬಂದಿದ್ದವು, ಹೆಗಲು ಕಿವಿಗೆ ಏರಿತ್ತು, ಮೊದಲ ಏಟು ಯಾವ ಕಡೆಯಿಂದ ಬರುತ್ತದೆಂದು ಗೊತ್ತಿರುವವರು ಕೂರುವಂತೆ ಕುಳಿತಿದ್ದ. ಗಾಜು ಒಡೆಯಲಿಲ್ಲ, ಉರುಳುತ್ತ ಮೇಜಿನ ಕಾಲಿಗೆ ತಾಗಿ ನಿಂತಿತು. ಶಿವಗಂಗವ್ವ ಮಗನನ್ನು ನೋಡಿದಳು. ಆಮೇಲೆ ತನ್ನ ಬಲಗೈ ತನ್ನ ಕೆನ್ನೆಗೆ ಅಡ್ಡ ಬಂದಿರುವುದನ್ನು ನೋಡಿದಳು. ಯಾವಾಗ ಬಂತೋ ಅವಳಿಗೆ ತಿಳಿದಿರಲಿಲ್ಲ. ಅವಳು ಅದನ್ನು ಇಳಿಸಿದಳು.

ಡಾಕ್ಟರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಎದ್ದು ಹೋಗಿ ಗಾಜನ್ನು ಹೆಕ್ಕಿ, ಹುಡುಗನ ಮುಂದೆ ಇಟ್ಟು, ಮುಟ್ಟದೆ ಮರಳಿ ಬಂದರು. ಬರೆಯಲು ತೆಗೆದಿದ್ದ ಕಾಗದವನ್ನು ಮಡಿಚಿ ಮೇಜಿನ ಖಾನೆಗೆ ಹಾಕಿದರು. ಅವರ ಮುಖ ಕೆಂಪಾಗಿತ್ತು. ಮೋಸ ಮಾಡಿದವರ ಮೇಲಿನ ಸಿಟ್ಟೋ ತಾವು ಮೋಸಹೋದ ಸಿಟ್ಟೋ. "ಘರೀ ತ್ಯಾಲಾ ಕಾಯ ಮ್ಹಣೂನ ಹಾಕ ಮಾರತಾ?" ಅಂತ ಕೇಳಿದರು. ಮನೆಯಲ್ಲಿ ಇವನನ್ನು ಏನೆಂದು ಕರೆಯುತ್ತೀರಿ?

ಮಲಕಪ್ಪ ಬಾಯಿ ತೆರೆದ. ತುಟಿ ಅಲ್ಲಾಡಿತು. ಟೋಪಿಯನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡ. ಮಾಲುಧಕ್ಕೆಯ ಪ್ರತಿಯೊಂದು ಮೂಟೆಗೂ ಊರು, ಹೆಸರು, ಗುರುತು ಬರೆಯುವ ಮನುಷ್ಯ, ಸಾಹೇಬರು ಕೇಳಿದ ಇಷ್ಟು ಸರಳ ಪ್ರಶ್ನೆಗೆ ಯಾವ ಭಾಷೆಯಲ್ಲೂ ಉತ್ತರ ಸಿಗದೆ ನಿಂತ. ಡಾಕ್ಟರು ಕಾದರು. ಕೊನೆಗೆ ಡಾಕ್ಟರೇ ಬಾಗಿಲಿನ ಕಡೆ ಕೈ ತೋರಿಸಿ, ಇವನಿಗೆ ಕೇಳುತ್ತದೆ, ಕರೆದುಕೊಂಡು ಹೋಗಿ ಅಂದರು.

ಲಕ್ಷ್ಮೀ ರಸ್ತೆಯ ತಿರುವಿನಲ್ಲಿ ಮಲಕಪ್ಪ, "ನನಗ ಡ್ಯೂಟಿಗೆ ಹೊತ್ತಾತು," ಅಂದು ಅವರನ್ನು ಬಿಟ್ಟು ಹೋದ. ಅರ್ಧ ದಿನದ ರಜೆ ಇತ್ತು, ಅವಳಿಗೆ ಗೊತ್ತಿತ್ತು. ಹೋಗಲಿ. ಮೂಟೆಗಳ ನಡುವೆ ಕೂತುಕೊಳ್ಳಲಿ. ಅವಳು ಮಗನ ಕೈ ಹಿಡಿದು ಬಿಸಿಲಿನಲ್ಲಿ ನಡೆದೇ ಬಂದಳು. ದಾರಿಯಲ್ಲಿ ಸಿಕ್ಕ ಸಿಕ್ಕದ್ದರ ಹೆಸರು ಹೇಳುತ್ತ ಬಂದಳು, ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ: ಗೋಡಿ, ಬಂಡಿ, ಎತ್ತು, ಶಗಣಿ, ಪೊಲೀಸ. ಜನ ತಿರುಗಿ ನೋಡಿದರು. ನೋಡಿಕೊಳ್ಳಲಿ. ಯಾವ ಸಾಹೇಬನಿಗೆ ಹೋಗಿ ಹೇಳುತ್ತಾರೋ ಹೇಳಲಿ. ಹುಡುಗ ಪ್ರತಿ ಸಲವೂ ಅವಳ ಬಾಯಿಯ ಕಡೆ ನೋಡಿದ, ಆಮೇಲೆ ವಸ್ತುವಿನ ಕಡೆ. ಒಂದನ್ನೂ ಅನ್ನಲಿಲ್ಲ.

ನಾಗವ್ವ ಹೊಸ್ತಿಲಲ್ಲೇ ಕಾಯುತ್ತಿದ್ದಳು. "ಏನಂದ್ರು? ಎಂದು ಕಳಸೂದಂತ ಯಜಮಾನ್ರನ್ನ?" ಅಂದಳು. ಶಿವಗಂಗವ್ವ ನೇರ ಪಡಸಾಲೆಗೆ ಹೋಗಿ, ಸಾಣೆಕಲ್ಲಿನ ಪಕ್ಕದಲ್ಲಿದ್ದ ಬಜೆಬೇರನ್ನು ಎತ್ತಿಕೊಂಡು ಹೊರಗೆ ಬಂದು ಅಂಗಳದ ಗಟಾರಕ್ಕೆ ಎಸೆದಳು. "ಏನ ಮಾಡ್ತೀಯೇ ರಂಡೆ, ಹುಚ್ಚ ಹಿಡಿತೇನು?" ಅಂತ ನಾಗವ್ವ ಚೀರಿದಳು. ಎದುರುಮನೆಯಲ್ಲಿ ಭಾಮಾ ಬಾಗಿಲಿಗೆ ಬಂದಳು. ಹುಡುಗ ಆಗಲೇ ಅಂಗಳದ ಮೂಲೆಗೆ ಹೋಗಿ, ಅವರಿಗೆ ಬೆನ್ನು ಮಾಡಿ, ಒಳಗಿನಿಂದ ತಂದ ತನ್ನ ಹುಣಸೆಬೀಜಗಳನ್ನು ಸಾಲಾಗಿ ಇಡುತ್ತಿದ್ದ.

"ಶಿವರುದ್ರಪ್ಪಾ!" ಅಂದಳು ಶಿವಗಂಗವ್ವ.

ನಾಗವ್ವನ ಕೈ ಎದೆಗೆ ಹೋಯಿತು. "ಅಯ್ಯಯ್ಯೋ ಶಿವನ! ಮಾವನ ಹೆಸರು! ನಿನ್ನ ನಾಲಿಗಿ ಸೇದಿ ಹೋಗ್ಲಿ! ನಿನ್ನ ಬಾಯಾಗ ಹುಳಾ ಬೀಳ್ಲಿ!" ಅನ್ನುತ್ತ ಎರಡೂ ಕಿವಿ ಮುಚ್ಚಿಕೊಂಡಳು. "ಬೀಳ್ಲಿ ಬಿಡ್ರಿ," ಅಂದಳು ಶಿವಗಂಗವ್ವ. "ಸತ್ತವರಿಗೆ ಹೆಸರು ಬೇಕಾಗೂದಿಲ್ಲ. ನನ್ನ ಮಗಗ ಬೇಕು." ಮತ್ತೆ ಕೂಗಿದಳು, ವಾಡೆಯ ನಾಲ್ಕೂ ಮೂಲೆಗೆ ಕೇಳುವ ಹಾಗೆ, "ಶಿವರುದ್ರಪ್ಪಾ!"

ಹುಡುಗ ತಿರುಗಲಿಲ್ಲ. ಒಂದು ಬೀಜ ಸಾಲಿನಿಂದ ಸರಿದಿತ್ತು, ಅದನ್ನು ಸರಿಮಾಡಿದ. ಅವಳು ಇನ್ನೊಮ್ಮೆ ಕರೆದಳು. ಮತ್ತೊಮ್ಮೆ. ಭಾಮಾ ಬಾಯಿಗೆ ಸೆರಗು ಇಟ್ಟು ನಗುತ್ತಿದ್ದಳು, ಅತ್ತೆ ಶಪಿಸುತ್ತಿದ್ದಳು. ಶಿವಗಂಗವ್ವನ ನೆತ್ತಿ ಸುಡುತ್ತಿತ್ತು. ಇವನಿಗಾಗಿ ಇಷ್ಟೆಲ್ಲ ಮಾಡಿ ಬಂದೆ, ಒಂದು ಸಲ, ಒಂದೇ ಒಂದು ಸಲ ಈ ಹುಡುಗ ಕತ್ತು ತಿರುಗಿಸಬಾರದೇ! ಸಿಟ್ಟು ಗಂಟಲಿಗೆ ಬಂತು. ಅದರ ಜೊತೆಗೆ ಇನ್ನೊಂದು ಬಂತು, ಹಲ್ಲುಗಳು ತಾವಾಗಿಯೇ ಕಚ್ಚಿಕೊಂಡವು, ಮತ್ತು ಅವಳಿಗೆ ಗೊತ್ತಾಯಿತು: ತನ್ನ ನಾಲಿಗೆಯ ತುದಿಯಲ್ಲಿ ಈಗ ನಿಂತಿರುವುದು 'ಏ'. ಅಂದರೆ ಸಾಕು. ಅಂದರೆ ಅವನು ಈಗಿಂದೀಗ ಓಗೊಡುತ್ತಾನೆ. ಇಡೀ ಜಗತ್ತಿನಲ್ಲಿ ಅವನು ತನ್ನದೆಂದು ಬಲ್ಲ ಹೆಸರು ಅದೊಂದೇ.

ಅವಳು ಅದನ್ನು ನುಂಗಿದಳು. ಬಿಸಿ ರೊಟ್ಟಿಯ ತುಣುಕು ನುಂಗಿದ ಹಾಗೆ ಎದೆಯ ತನಕ ಸುಟ್ಟುಕೊಂಡು ಇಳಿಯಿತು. ಅಂಗಳ ದಾಟಿ, ಮಗನ ಎದುರಿಗೆ ಬಂದು, ಬೀಜಗಳ ಸಾಲಿನ ಆಚೆ ನೆಲದ ಮೇಲೆ ಕುಳಿತಳು. ಅವಳ ಮುಖ ಕಂಡು ಅವನ ಹೆಗಲು ಕಿವಿಯ ಹತ್ತಿರ ಏರಿತು. ಬೆನ್ನ ಹಿಂದೆ ನಾಗವ್ವ ಇನ್ನೂ ಬೈಯುತ್ತಿದ್ದಳು. ಶಿವಗಂಗವ್ವ ತನ್ನ ಉಸಿರು ಸಮಕ್ಕೆ ಬರಲೆಂದು ಕಾದಳು. ಅವನ ಹೆಗಲು ಇಳಿಯಲೆಂದು ಕಾದಳು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಇಳಿದ ಮೇಲೆ ಅವನ ಎದೆಯ ಮೇಲೆ ಅಂಗೈ ಇಟ್ಟು, ಮೆಲ್ಲಗೆ, ಅವನ ಹೆಸರು ಹೇಳಿದಳು.